ಸೀಟು, ಬ್ರಾಂಚು, ಡಿಗ್ರಿ

(ಬಂಗಾರಪೇಟೆ ಬೀದಿ. ಪಾನಿಪುರಿ ಗಾಡಿ. ಪಾನಿ ಕುಡಿಯೋ ನೀರಿನಷ್ಟು ತಿಳಿ; ಖಾರ ಮಾತ್ರ ನೆತ್ತಿಗೇರುತ್ತೆ.)

ಅಪ್ಪ: ಒಂದ್ ಪ್ಲೇಟ್ ಹಾಕಪ್ಪ. ಮಗಂದು ಗ್ರಾಜುಯೇಷನ್ ಡೇ ಮುಗಿಸ್ಕೊಂಡು ಬಂದೆ.

ಗಾಡಿಯವ: ಇಂಜಿನಿಯರ್ ಆಗ್ಬಿಟ್ನಾ ಅಣ್ಣ?

ಅಪ್ಪ: ಸೆಕೆಂಡ್ ಪಿಯುಸಿ ಕಣಪ್ಪ. ಕರಿ ಗೌನು, ಟೋಪಿ, ಎಲ್ಲಾ ಬಾಡಿಗೆ.

ಗಾಡಿಯವ: ಯುಕೆಜಿಲೂ ಹಾಕ್ಸಿದ್ರಲ್ಲ! ಹಂಗಾದ್ರೆ ಡಬಲ್ ಡಿಗ್ರಿ.

ಅಪ್ಪ: ಸಿಇಟಿ ಆಪ್ಷನ್ ಎಂಟ್ರಿಗೆ ಕನ್ಸಲ್ಟೆಂಟ್ ಹಿಡ್ದಿದೀನಿ. 180 ಆಪ್ಷನ್ ತುಂಬ್ಸಿದಾರೆ.

ಗಾಡಿಯವ: ಹುಡುಗ ಏನಂದ?

ಅಪ್ಪ: ಅವನ್ನ ಕೇಳೋ ಆಪ್ಷನ್ ಇರ್ಲಿಲ್ಲ.

ಗಾಡಿಯವ: ಯಾವ ಬ್ರಾಂಚು?

ಅಪ್ಪ: ಅದೇನೋ ಡೇಟಾ ಮೈನಿಂಗ್ ಹೇಳ್ಕೊಡ್ತಾರಂತೆ.

ಗಾಡಿಯವ: ಕೆಜಿಎಫ್‌ನಲ್ಲಿ ಮೈನಿಂಗು 2001ರಲ್ಲೇ ಮುಚ್ಚೋಯ್ತಲ್ಲ! ಇದ್ರಲ್ಲಿ ಚಿನ್ನ ಸಿಗುತ್ತಾ?

ಅಪ್ಪ: ಮೊದ್ಲು ನಾವ್ ಹಾಕ್ಬೇಕು. ಹೆಂಡ್ತಿ ಬಳೆ ಅಡ ಇಟ್ಟೆ.

ಗಾಡಿಯವ: ನಿಮ್ತಾತ ನೆಲದಿಂದ ತೆಗೀತಿದ್ರು, ನೀವು ಬೀರುವಿಂದ. ಕಸುಬು ಬಿಟ್ಟಿಲ್ಲ ಬಿಡಿ.

ಅಪ್ಪ: ತಾತನಿಗೆ ಡಿಗ್ರಿ ಎಲ್ಲಿತ್ತು?

ಗಾಡಿಯವ: ಚಾಂಪಿಯನ್ ರೀಫ್ ಗಣೀಲಿ 3 ಕಿ.ಮೀ. ಕೆಳಗೆ ಬಂಡೇನೇ 60 ಡಿಗ್ರಿ ದಾಟ್ತಿತ್ತಂತೆ. ನಿಮ್ಹುಡುಗನ ಮಾರ್ಕ್ಸ್ ಎಷ್ಟಣ್ಣ?

ಅಪ್ಪ: (ಕೆಮ್ಮಿ) ಖಾರ ಜಾಸ್ತಿ ಆಯ್ತು... ಸೀಟ್ ಬೆಂಗಳೂರಲ್ಲೇ ಸಿಗುತ್ತೆ. ದಿನಾ ರೈಲಲ್ಲಿ ಹೋಗ್ಬರ್ತಾನೆ.

ಗಾಡಿಯವ: ಮಾರಿಕುಪ್ಪಂ ಗಾಡೀಲಾ? ಬಂಗಾರಪೇಟೆಗೆ ಬರೋಷ್ಟ್ರಲ್ಲಿ ಫುಲ್ಲು. ಅಲ್ಲಿ ಸೀಟಿಗೆ ಯಾವ ರ‍್ಯಾಂಕ್ ಬೇಕು?

ಅಪ್ಪ: ಟವಲ್ ಹಾಕಿದ್ರೆ ಸಾಕು.

ಗಾಡಿಯವ: ಗೌನು ವಾಪಸ್ ಕೊಟ್ಬಿಟ್ರಾ? ಅದನ್ನೇ ಹಾಕಿದ್ರೆ ಮೂರು ಸೀಟು ಹಿಡೀತಿತ್ತು!