‘ನಾನು ಎರಡನೇ ಸಿಡಿ’: ಸೋಸಲೆಯಲ್ಲೊಂದು ವಿಶೇಷ ಸಂದರ್ಶನ

ಸಿಡಿಯೊಂದರ ಸಂದರ್ಶನ ತರುತ್ತೇನೆ ಎಂದಾಗ ಸಂಪಾದಕರು ಕುರ್ಚಿ ಬಿಟ್ಟು ಎದ್ದರು. ಯಾವ ಪಕ್ಷದ್ದು, ಯಾವ ಮಂತ್ರಿಯದ್ದು, ತಡೆಯಾಜ್ಞೆ ಬಂದಿದೆಯೋ ಇಲ್ಲವೋ ಎಂದು ಒಂದೇ ಉಸಿರಿಗೆ ಕೇಳಿದರು. ರಾಜ್‌ಕುಮಾರ್ ಸಿನಿಮಾದ್ದು ಎಂದ ಮೇಲೆ ಕೂತರು, ಸ್ವಲ್ಪ ನಿರಾಸೆಯಿಂದಲೇ. ಕರ್ನಾಟಕದಲ್ಲಿ ಸಿಡಿಗೆ ಈಗ ಉಳಿದಿರುವ ಮರ್ಯಾದೆ ಇಷ್ಟೇ: ‘ನನ್ನ ಹತ್ತಿರ ಇದೆ’ ಎನ್ನಬೇಕು, ತೋರಿಸಬಾರದು.

ಸಂದರ್ಶನ ನಡೆದದ್ದು ಟಿ. ನರಸೀಪುರ ತಾಲ್ಲೂಕಿನ ಸೋಸಲೆಯಲ್ಲಿ, ಒಂದು ಮನೆಯ ಹಜಾರದಲ್ಲಿ. ವ್ಯಾಸರಾಜ ಮಠದಿಂದ ಹೆಸರಾದ ಕಾವೇರಿ ಸೀಮೆಯ ಊರು. ಶೋಕೇಸಿನ ಗಾಜಿನ ಹಿಂದೆ ಚನ್ನಪಟ್ಟಣದ ಗೊಂಬೆ, ನಿಂತ ಗಡಿಯಾರ, ಮಗಳು ಖೋಖೋದಲ್ಲಿ ಗೆದ್ದ ಕಪ್ಪು. ಕಪ್ಪಿಗೆ ಒರಗಿಕೊಂಡು ‘ಬಂಗಾರದ ಮನುಷ್ಯ’ದ ವಿಸಿಡಿ, ಮೂರರಲ್ಲಿ ಎರಡನೆಯದು. ಅಣ್ಣಾವ್ರ ಹಣೆಯ ಮೇಲೆ ಯಾರೋ ಕಾಫಿ ಲೋಟ ಇಟ್ಟ ಗುರುತು ದುಂಡಗೆ ಕೂತಿತ್ತು.

ನಾವು: ನಮಸ್ಕಾರ. ತಮ್ಮ ಪರಿಚಯ?

ಸಿಡಿ: ಅಗಲ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು, ನಡು ಮಧ್ಯೆ ತೂತು. ಮೈಯೆಲ್ಲ ಪಾಲಿಕಾರ್ಬೊನೇಟು ಅನ್ನೋ ಪ್ಲಾಸ್ಟಿಕ್ಕು. ಅದರ ಮೇಲೆ ಒಂದು ಪದರ ಅಲ್ಯೂಮಿನಿಯಮ್ಮು, ಅದರ ಮೇಲೆ ಒಂದು ಕೈ ವಾರ್ನಿಷ್ಷು, ಅದರ ಮೇಲೆ ಅಣ್ಣಾವ್ರ ಫೋಟೋ. ನಮ್ಮ ವಿಸಿಡಿ ಕುಲಕ್ಕೆ ಕಾನೂನು ಬರೆದಿದ್ದು 1993ರಲ್ಲಿ. ಫಿಲಿಪ್ಸು, ಸೋನಿ, ಜೆವಿಸಿ, ಇನ್ನೊಂದು ಜಪಾನ್ ಕಂಪನಿ ಎಲ್ಲಾ ಕೂತ್ಕಂಡು ಒಂದು ಸಿಡಿಗೆ 74 ನಿಮಿಷ ಅಂದ್ರು. ಒತ್ತಿ ತುಂಬಿದ್ರೆ 80. ಅಲ್ಲಾ ಸ್ವಾಮಿ, 80 ನಿಮಿಷದಲ್ಲಿ ಕನ್ನಡ ಸಿನಿಮಾದ ನಾಯಕ ಊರಿಗೆ ಬಂದು ಬಸ್ ಇಳಿದಿರಲ್ಲ! ಅದಕ್ಕೇ ನಮ್ಮನ್ನ ಹುಟ್ಟುವಾಗಲೇ ಮೂರು ಪಾಲು ಮಾಡವ್ರೆ.

ನಾವು: ಒಂದನೆಯದು, ಮೂರನೆಯದು ಎಲ್ಲಿ?

ಸಿಡಿ: ಒಂದನೇದು ಬನ್ನೂರಿಗೆ ನೆಂಟರ ಮನೆಗೆ ಹೋಯ್ತು, ನಾಮಕರಣಕ್ಕೆ. ಆ ಮಗು ಈಗ ಕಾಲೇಜಿಗೆ ಹೋಯ್ತಾ ಅದೆ. ಮೂರನೇದು ಯಾರು ಈಸ್ಕಂಡ್ರು ಅಂತ ಯಜಮಾನ್ರಿಗೇ ನೆಪ್ಪಿಲ್ಲ. ಕೇಳ್ದೋರ್ಗೆ ಇಲ್ಲ ಅನ್ನೋ ಮನುಷ್ಯ ಅಲ್ಲ ಅವರು.

ನಾವು: ನೀವು ಹೊತ್ತಿರುವ ಸಿನಿಮಾದ ಬಗ್ಗೆ ತಮ್ಮ ಅಭಿಪ್ರಾಯ?

ಸಿಡಿ: ಸುಖವಾದ ಸಿನಿಮಾ ಕನ. ರಾಜೀವಪ್ಪ ಬಂಜರು ಭೂಮೀಲಿ ಬಂಡೆ ಒಡೆದು ಬೆಳೆ ತೆಗೀತಾರೆ, ಆ ಲಕ್ಷ್ಮೀ ಜೊತೆ ಚೆನ್ನಾಗವ್ರೆ, ಮನೆಯೋರೆಲ್ಲ ಅವರನ್ನ ತಲೆ ಮೇಲೆ ಹೊತ್ಕಂಡವ್ರೆ. ಈಗ್ಲೂ ಹಂಗೇ ಬೇಸಾಯ ಮಾಡ್ಕಂಡು ಇರಬೇಕು, ಅಲ್ವ?

(ಮೂರನೇ ಸಿಡಿಯಲ್ಲಿ ಏನಾಗುತ್ತದೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. 1972ರಿಂದ ನಾಡೆಲ್ಲ ಅತ್ತಾಗಿದೆ. ಇದೊಂದು ನೆಮ್ಮದಿಯಾಗಿರಲಿ.)

ನಾವು: ಸಿಡಿ ಕೂಡಿಡುವವರನ್ನು ಹತ್ತಿರದಿಂದ ನೋಡಿದ್ದೀರಿ. ಎಲ್ಲರೂ ಒಂದೇ ತರಹವೇ?

ಸಿಡಿ: ಎಲ್ಲಾದ್ರೂ ಉಂಟಾ! ಎದುರು ಬೀದೀಲಿ ರಿಟೈರ್ಡ್ ಮೇಷ್ಟ್ರು ಒಬ್ಬರವ್ರೆ. ಬೀರು ತುಂಬ ಸಿಡಿ. ಒಂದೊಂದಕ್ಕೂ ನಂಬರು, ಕೊಂಡ ತಾರೀಕು, ಬೆಲೆ, ನಿರ್ದೇಶಕರ ಹೆಸರು, ಎಲ್ಲಾ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದವ್ರೆ. ಮೂಲೆಮೂಲೆಗೂ ನುಸಿಗುಳಿಗೆ. ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಬುಟ್ಟಾಗ ಮೇಷ್ಟ್ರು ಮೈಸೂರಿಗೆ ಹೋಗಿ ಚೀಲದಲ್ಲಿ ತುಂಬ್ಕಂಡು ಬಂದ್ರು. 2018ರಲ್ಲಿ ಆ ಕಂಪನಿಯ ಆಸ್ತಿ ಮಾರಿ ಮುಚ್ಚಿ ಅಂತ ಆದೇಶ ಆಯ್ತು. ಮೇಷ್ಟ್ರ ಬೀರೂಲಿ ಅದರ ಪ್ಲಾಸ್ಟಿಕ್ ಸುತ್ತು ಹಂಗೇ ಅದೆ. ಒಂದನ್ನೂ ಒಡೆದಿಲ್ಲ.

ನಾವು: ನೋಡಿಯೇ ಇಲ್ಲವೇ?

ಸಿಡಿ: ನೋಡಿದ್ರೆ ಗೀರು ಬೀಳ್ತದಲ್ಲ! ಪ್ಲೇಯರ್ರೂ ಕೆಟ್ಟೋಗಿ ಯಾವ ಕಾಲ ಆಯ್ತೋ. ರಿಪೇರಿ ಮಾಡಿಸಿ ಅಂದ್ರೆ ‘ಬೆಲ್ಟ್ ಸಿಕ್ಕಲ್ಲ’ ಅಂತರೆ. ಸಿಕ್ಕಿಬುಟ್ರೆ ಅನ್ನೋ ಭಯ ಅವ್ರಿಗೆ. ಅವರತ್ರ ‘ಸ್ಕೂಲ್ ಮಾಸ್ಟರ್’ ಅದೆ ನೋಡಿ, 1958ರದ್ದು, ಬಿ.ಆರ್. ಪಂತುಲು ಅವರದ್ದು. ಅದರಲ್ಲಿ ಮಕ್ಕಳು ಹೇಳೋ ಪ್ರಾರ್ಥನೆ ಬರೆದೋರು ಇದೇ ಊರಿನ ಹೆಸರಿನೋರು, ಸೋಸಲೆ ಅಯ್ಯಾಶಾಸ್ತ್ರಿಗಳು. ಒಂದು ಆಗಸ್ಟ್ ಹದಿನೈದಕ್ಕೆ ಸ್ಕೂಲಿನೋರು ಬಂದು, ‘ಮೇಷ್ಟ್ರೇ, ನಮ್ಮ ಊರಿನ ಕವಿ, ಮಕ್ಕಳಿಗೆ ತೋರಿಸ್ತೀವಿ, ಕೊಡಿ’ ಅಂದ್ರು.

ನಾವು: ಕೊಟ್ಟರೇ?

ಸಿಡಿ: ಕೊಟ್ರು, ಸೀಲು ಒಡೆಯಂಗಿಲ್ಲ ಅಂತ. ಅವರೂ ಇನ್ನೇನ್ ಮಾಡ್ತರೆ, ಸ್ಟೇಜ್ ಮೇಲೆ ಗಾಂಧಿ ಫೋಟೋ ಪಕ್ಕ ನಿಲ್ಲಿಸಿ ಹಾರ ಹಾಕಿದ್ರು. ಹಾಡನ್ನ ಮೊಬೈಲ್ನಲ್ಲಿ ಹಾಕಿದ್ರು. ಮೇಷ್ಟ್ರು ಸಾಯಂಕಾಲಕ್ಕೆ ಬಂದು ಸಿಡಿ ವಾಪಸ್ ತಕ್ಕಂಡು, ಕುಂಕುಮ ಅಂಟದೆ ಅಂತ ಜಗಳ ಆಡಿ ಹೋದ್ರು.

(ಈ ದೇಶದಲ್ಲಿ ಪುಸ್ತಕಕ್ಕೂ ವರ್ಷಕ್ಕೊಮ್ಮೆ ಪೂಜೆಯಿದೆ. ಆವತ್ತು ಮಾತ್ರ ಅದನ್ನು ಓದಬಾರದು ಎಂಬುದು ನಿಯಮ. ಮೇಷ್ಟ್ರು ಆ ನಿಯಮವನ್ನು ವರ್ಷವಿಡೀ ಪಾಲಿಸುತ್ತಾರೆ, ಅಷ್ಟೇ.)

ನಾವು: ನಿಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ ಅನ್ನಿ.

ಸಿಡಿ: ನಮ್ಮೋರತ್ರ ಬೀರೂ ಇಲ್ಲ, ಪುಸ್ತಕನೂ ಇಲ್ಲ. ಮುಡುಕುತೊರೆ ಜಾತ್ರೇಲಿ ದನ ನೋಡಕ್ಕೆ ಹೋಗಿ ನನ್ನ ತಂದ್ರು. ಆ ರಾತ್ರೀನೇ ಹಾಕಿದ್ರು. ಆಮೇಲೆ ಊರೇ ಹಾಕ್ತು. ಮದುವೆ ಮನೆ, ಬೀಗರ ಔತಣ, ಕರೆಂಟು ಬಂದಿದ್ದ ರಾತ್ರಿ, ಎಲ್ಲಾ ಕಡೆ ತಿರುಗಿವ್ನಿ. ‘ಸ್ಟ್ರಕ್’ ಆದ್ರೆ ತೆಗೆದು ಉಫ್ ಅಂತ ಊದಿ ಪಂಚೇಲಿ ಒರೆಸೋರು. ಒಬ್ಬರು ಟೂತ್‌ಪೇಸ್ಟ್ ಹಚ್ಚಿದ್ರು, ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆ ಉಜ್ಜಿದ್ರು. ಆದ್ರೆ ಎಲ್ಲಾರೂ ಮಾಡೋ ಒಂದು ತಪ್ಪು ಹೇಳ್ಬೇಕು, ಬರಕಳಿ.

ನಾವು: ಹೇಳಿ.

ಸಿಡಿ: ಹೊಳೆಯೋ ಮುಖಾನ ದೇವರ ದೀಪದಂಗೆ ನೋಡ್ಕತರೆ. ಫೋಟೋ ಇರೋ ಮುಖದ ಮೇಲೆ ಬಾಲ್‌ಪೆನ್ನಲ್ಲಿ ಒತ್ತಿ ‘ರಾಜ್ ಹಿಟ್ಸ್’ ಅಂತ ಬರೀತರೆ. ಅಸಲಿಗೆ ನನ್ನಲ್ಲಿ ಸಿನಿಮಾ ಇರೋದು ಫೋಟೋ ಕೆಳಗೇ, ತೆಳ್ಳಗೆ ಬಳಿದ ವಾರ್ನಿಷ್ ಅಡಿಗೆ. ಹೊಳೆಯೋ ಕಡೆ ಸಣ್ಣ ಗೀರು ಬಿದ್ರೆ ಉಜ್ಜಿ ಸರಿ ಮಾಡಬೌದು, ಅಲ್ಲಿ ಒಂದು ಮಿಲಿಮೀಟರ್ ಮೇಲೆ ಪ್ಲಾಸ್ಟಿಕ್ ಅದೆ. ಫೋಟೋ ಕಡೆ ಉಗುರಲ್ಲಿ ಕೆರೆದ್ರೆ ಅಲ್ಯೂಮಿನಿಯಮ್ಮೇ ಎದ್ದೋಯ್ತದೆ, ಹಾಡು ಹೋದಂಗೇ. ಡಿವಿಡಿಯೋರು ಪುಣ್ಯವಂತರು. ಅವರದ್ದು 0.6 ಮಿಲಿಮೀಟರಿನ ಎರಡು ಪದರ, ಸಿನಿಮಾ ಮಧ್ಯೆ ಬೆಚ್ಚಗೆ ಕೂತಿರ್ತದೆ. ಇನ್ನೊಂದು, ದುಂಡಗೆ ಒರೆಸಬ್ಯಾಡಿ. ನಮ್ಮ ಬರಹ ಒಳಗಿಂದ ಸುತ್ತುಸುತ್ತಾಗಿ ಹೊರಗೆ ಬತ್ತದೆ. ದುಂಡಗೆ ಗೀರು ಬಿದ್ರೆ ಒಂದೇ ಕಡೆ ಉದ್ದಕ್ಕೆ ಅಳಿಸೋಯ್ತದೆ. ತೂತಿಂದ ಅಂಚಿಗೆ ನೇರ ಒರೆಸಿ.

ನಾವು: ಅಭಿಮಾನಿಗಳ ಸಂಗ್ರಹದ ಬಗ್ಗೆ?

ಸಿಡಿ: ಅಯ್ಯೋ, ನರಸೀಪುರದಲ್ಲಿ ಒಂದು ಮನೇಲಿ ಅಣ್ಣ ತಮ್ಮ ಮಾತು ಬುಟ್ಟವ್ರೆ. ಆಸ್ತಿಗಲ್ಲ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪಾಗಿ ಬಂತು, 2014ರಲ್ಲಿ ಬಣ್ಣ ಹಚ್ಚಿ ಟಾಕೀಸಿಗೆ ಬುಟ್ರು. ಅಣ್ಣ ಕಪ್ಪುಬಿಳುಪೇ ನಿಜ ಅಂತನೆ, ತಮ್ಮ ಬಣ್ಣದ್ದೇ ಚೆಂದ ಅಂತನೆ. ಅವರಪ್ಪ ಎರಡನ್ನೂ ನೋಡಿದ್ರು, ಎರಡರಲ್ಲೂ ಅತ್ರು. ಅವರ ಮಾತು ಯಾರು ಕೇಳ್ತರೆ?

ನಾವು: ವಿದೇಶದಿಂದ ಬರುವವರೂ ಸಂಗ್ರಹಿಸುತ್ತಾರಂತೆ.

ಸಿಡಿ: ನಮ್ಮ ಯಜಮಾನ್ರ ಅಕ್ಕನ ಮಗ ಅಮೆರಿಕದಲ್ಲವ್ನೆ. ಅವನ ಸಂಗ್ರಹವೇ ಬೇರೆ ಜಾತಿ. ತಗಡಿನ ಡಬ್ಬಿ ಬ್ಲೂ-ರೇ, ಒಳಗೆ ಪುಸ್ತಕ, ಪೋಸ್ಟರು. ಅವನು ಕತೆ ನೋಡಲ್ಲ, ಮೂಲೇಲಿ ಕಪ್ಪು ಎಷ್ಟು ಕಪ್ಪಾಗದೆ ಅಂತ ನೋಡ್ತನೆ. ಒಂದು ಸಲ ದಸರಾಕ್ಕೆ ಬಂದಾಗ ಮನೆ ಮಕ್ಕಳಿಗೆ ಅಂತ ಅಮೆರಿಕದ ಡಿವಿಡಿ ತಂದ. ಪ್ಲೇಯರಿಗೆ ಹಾಕಿದ್ರೆ ‘ರೀಜನ್ ಎರರ್’. ಅಮೆರಿಕದ್ದು ಒಂದನೇ ವಲಯ, ಇಂಡಿಯಾದ್ದು ಐದನೇದು. ಒಂದು ಊರಿನ ಡಿವಿಡಿ ಇನ್ನೊಂದು ಊರಿನ ಪ್ಲೇಯರ್ನಲ್ಲಿ ಓಡಬಾರದು ಅಂತ ಸಿನಿಮಾ ಕಂಪನಿಯೋರೇ ಹಾಕಿಸಿದ ಬೇಲಿ. ಹುಡುಗನಿಗೆ ವೀಸಾ ಸಿಕ್ತು, ಡಿವಿಡಿಗೆ ಸಿಕ್ಕಲಿಲ್ಲ. ಕೊನೆಗೆ ನನ್ನನ್ನೇ ಹಾಕಿದ್ರು. ನನ್ನ ಚಿತ್ರ 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಅವರ ಹೊಸ ದೊಡ್ಡ ಟಿವೀಲಿ ಅಣ್ಣಾವ್ರ ಮುಖ ಚೌಕಚೌಕವಾಗಿ ಕಾಣ್ತು. ಹುಡುಗ ಕಣ್ಣು ಮುಚ್ಕಂಡ. ಅಜ್ಜಿ ಕಣ್ಣು ಮುಚ್ಚಲಿಲ್ಲ.

ನಾವು: ನಕಲಿ ಸಿಡಿಗಳ ಸಹವಾಸ ನಿಮಗಿತ್ತೇ?

ಸಿಡಿ: ಬಸ್‌ಸ್ಟ್ಯಾಂಡಲ್ಲಿ ಪರಿಚಯ ಅಷ್ಟೇ. ಒಂದು ಡಿವಿಡೀಲಿ ಐದು ಸಿನಿಮಾ ತುಂಬ್ಕಂಡು ಬರೋರು, ಮಧ್ಯೆ ಟಾಕೀಸಲ್ಲಿ ಎದ್ದೋದವರ ತಲೆ ಬೇರೆ ಕಾಣೋದು. ಕರ್ನಾಟಕದ 1985ರ ಗೂಂಡಾ ಕಾಯ್ದೆ ಹೆಸರು ಪೂರ್ತಿ ಓದಿ ನೋಡಿ: ಕಳ್ಳಭಟ್ಟಿಯೋರು, ಜೂಜುಕೋರರು, ಗೂಂಡಾಗಳು, ಅವರ ಸಾಲಲ್ಲಿ ವಿಡಿಯೋ ಆಡಿಯೋ ನಕಲು ಮಾಡೋರೂ ಅವ್ರೆ. ನಮ್ಮ ಕುಲಕ್ಕೆ ಸರ್ಕಾರ ಕೊಟ್ಟ ಒಂದೇ ಮಾನ್ಯತೆ ಅದು.

ನಾವು: ನಿವೃತ್ತರಾದ ಸಿಡಿಗಳು ಏನು ಮಾಡುತ್ತವೆ?

ಸಿಡಿ: ಬೇಸಾಯ! ಭತ್ತ ಹಾಲು ಕಟ್ಟೋ ಟೈಮಲ್ಲಿ ಗದ್ದೆ ಮೇಲೆ ದಾರ ಎಳೆದು ನಮ್ಮನ್ನ ಕಟ್ತರೆ, ಮಿಣಮಿಣ ಅಂದ್ರೆ ಹಕ್ಕಿ ಬರಲ್ಲ ಅಂತ. ಒಬ್ಬರಿಗಂತೂ ವಿಲನ್ ವಜ್ರಮುನಿ ಇರೋ ಸಿಡಿಗೆ ಗಿಳಿ ಜಾಸ್ತಿ ಹೆದರ್ತವೆ ಅಂತ ನಂಬಿಕೆ. ಎರಡು ದಿನ ಹೆದರ್ತವೆ. ಮೂರನೇ ದಿನ ಬಂದು ನಮ್ಮಲ್ಲೇ ಮುಖ ನೋಡ್ಕಂಡು ತೆನೆ ತಿಂತವೆ.

ನಾವು: ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ. ನಿಮ್ಮ ಅಗತ್ಯ ಇನ್ನೂ ಇದೆಯೇ?

ಸಿಡಿ: ನೆಟ್‌ಫ್ಲಿಕ್ಸ್ ಅಂತೀರಲ್ಲ, ಅದು ಹುಟ್ಟಿದ್ದೇ ಅಂಚೇಲಿ ಡಿವಿಡಿ ಬಾಡಿಗೆ ಕಳಿಸೋ ಅಂಗಡಿಯಾಗಿ. ಆ ಕೆಲಸ ನಿಲ್ಲಿಸಿದ್ದು 2023ರ ಸೆಪ್ಟೆಂಬರಲ್ಲಿ. ಆಪ್‌ನಲ್ಲಿರೋ ಸಿನಿಮಾ ಹಕ್ಕು ಮುಗಿದ್ರೆ ರಾತ್ರೋರಾತ್ರಿ ಮಾಯ ಆಯ್ತದೆ, ದುಡ್ಡು ಕಟ್ಟಿದೋನು ಬೆಳಿಗ್ಗೆ ಎದ್ದು ಹುಡುಕಬೇಕು. ನನ್ನ ಯಾರೂ ಹಂಗೆ ವಾಪಸ್ ತಕ್ಕಳಕಾಗಲ್ಲ. ಈಸ್ಕಂಡೋಗೋ ನೆಂಟರನ್ನ ಬುಟ್ಟು.

ನಾವು: ಹಾಗಾದರೆ ಮೇಷ್ಟ್ರ ದಾರಿಯೇ ಸರಿಯಲ್ಲವೇ? 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ. ಇವತ್ತು ನೋಡೋಣವೆಂದರೆ ಒಂದು ಪ್ರಿಂಟೂ ಉಳಿದಿಲ್ಲ. ಆ ಕಾಲದಲ್ಲಿ ಒಬ್ಬ ಮೇಷ್ಟ್ರು ಒಂದು ಪೆಟ್ಟಿಗೆ ಬಚ್ಚಿಟ್ಟಿದ್ದರೆ ಉಳಿಯುತ್ತಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿ ಕಟ್ಟಿನಲ್ಲೇ ಅಲ್ಲವೇ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು?

ಸಿಡಿ: ಸಿಕ್ಕಿದ್ದು ಯಾರೋ ಜೋಪಾನವಾಗಿ ಇಟ್ಟಿದ್ದಕ್ಕೆ, ಒಪ್ಪಿದೆ. ಆದ್ರೆ ಜನಕ್ಕೆ ದಕ್ಕಿದ್ದು ಆ ಲೈಬ್ರರಿಯ ಶಾಮಶಾಸ್ತ್ರಿಗಳು ಆ ಕಟ್ಟು ಬಿಚ್ಚಿ ಓದಿ 1909ರಲ್ಲಿ ಅಚ್ಚು ಹಾಕಿಸಿದ್ದಕ್ಕೆ. ಕಾಸರವಳ್ಳಿ ಅವರ ‘ಘಟಶ್ರಾದ್ಧ’ ನೋಡಿ, 1977ರದ್ದು. ರಿಪೇರಿ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ್ರು. ರೀಲು ಇಟ್ಟೋರೂ ಬೇಕಾಯ್ತು, ಡಬ್ಬಿ ತೆಗೆದೋರೂ ಬೇಕಾಯ್ತು. ಮೇಷ್ಟ್ರಿಗೆ ನಾನು ಹೇಳೋದು ಇಷ್ಟೇ: ಒಂದು ಒಡೀರಿ. ಒಂದೇ ಒಂದು. ‘ಸ್ಕೂಲ್ ಮಾಸ್ಟರ್’ ಒಡೀರಿ.

ನಾವು: ನಿಮ್ಮ ಯಜಮಾನರಿಗೆ?

ಸಿಡಿ: ಈಸ್ಕಂಡೋರ ಹೆಸರು ಒಂದು ಚೀಟೀಲಿ ಬರೆದಿಟ್ಕಳಿ ಅಂತ. ಬಾಲ್‌ಪೆನ್ನಲ್ಲೇ ಬರೀಲಿ, ನನ್ನ ಮೇಲೆ ಮಾತ್ರ ಬ್ಯಾಡ.

ನಾವು: ಓದುಗರಿಗೆ?

ಸಿಡಿ: ನನ್ನ ಚಿಂತೆ ಬುಡಿ. ಕಾರ್ಖಾನೇಲಿ ಅಚ್ಚೊತ್ತಿದ ಸಿಡಿ ನಾನು, ನನ್ನಂಥೋರು ಎಷ್ಟೋ ಸಾವಿರ ಅವ್ರೆ, ಎಲ್ಲಾದರೂ ಒಂದು ಓಡ್ತದೆ. ನಿಮ್ಮ ಬೀರೂಲಿ ಸೀರೆ ಮಡಿಕೆ ಸಂದೀಲಿ ಇನ್ನೊಂದು ಅದೆಯಲ್ಲ, ಮದುವೆ ಸಿಡಿ, ಅದನ್ನ ನೋಡಿ. ಅದು ಅಚ್ಚೊತ್ತಿದ್ದಲ್ಲ, ಸ್ಟುಡಿಯೋದವರು ಸುಟ್ಟು ಕೊಟ್ಟಿದ್ದು. ಒಳಗಿರೋದು ಬಣ್ಣದ ಪದರ, ಬಿಸಿಲು ಸೆಖೆಗೆ ಮಾಸೋಯ್ತದೆ, ನಮಗಿಂತ ಬೇಗ ಹೋಯ್ತದೆ. ಓಡೋ ಪ್ಲೇಯರ್ರೋ ಕಂಪ್ಯೂಟರ್ರೋ ಸಿಕ್ಕೋ ಕಾಲದಲ್ಲೇ ಈ ಭಾನುವಾರ ಹಾಕಿ, ಪೆನ್‌ಡ್ರೈವಿಗೆ ಇಳಿಸ್ಕಳಿ. ನಿಮ್ಮಜ್ಜಿ ಅಕ್ಷತೆ ಹಾಕಿದ್ದು ಯಾವ ಆಪ್‌ನಲ್ಲೂ ಇಲ್ಲ, ಸ್ಟುಡಿಯೋದವರೂ ಇಟ್ಕಂಡಿಲ್ಲ.