ಏರಿ ಮೇಲಿನ ಕೇಶಿರಾಜ

ಹದಿಮೂರನೇ ಶತಮಾನದ ಕೇಶಿರಾಜ ಕನ್ನಡದ ಶಬ್ದಗಳನ್ನು ಸೋಸಿ ‘ಶಬ್ದಮಣಿದರ್ಪಣ’ ಬರೆದ. ಸೂಳೆಕೆರೆ ಏರಿ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ನಮ್ಮ ಕೇಶಿರಾಜರು ಏನನ್ನೂ ಬರೆದಿಲ್ಲ. ಅವರ ಪಾಂಡಿತ್ಯ ಪೂರ್ತಿ ಡೀಸೆಲ್ ಗಾಡಿಗಳ ಶಬ್ದದ್ದು. ಅಂದಹಾಗೆ ಈ ಹೆಸರು ನಾನಿಟ್ಟದ್ದು, ಅವರಿಗೆ ಗೊತ್ತಿಲ್ಲ. ಎದುರಿಗೆ ನಾವೆಲ್ಲ ಅಣ್ಣ ಅಂತಲೇ ಕರೆಯುವುದು.

ಗಾಡಿ ಇನ್ನೂ ತಿರುವಿನಾಚೆ ಇರುವಾಗಲೇ ಅಣ್ಣ ಚಹಾದ ಲೋಟ ಕೆಳಗಿಟ್ಟು ಕಣ್ಣು ಮುಚ್ಚುತ್ತಾರೆ. “ಲೋಡು ಜಾಸ್ತಿ ಐತೆ. ಮೂರನೇ ಗೇರಲ್ಲಿ ಒದ್ದಾಡ್ತಾ ಇದಾನೆ. ನಾಝಲ್ ಸುರೀತೈತೆ.” ಗಾಡಿ ಬರುತ್ತದೆ, ಹೋಗುತ್ತದೆ. ಅದನ್ನು ತಡೆದು ನಿಲ್ಲಿಸಿ ನಿಜವೇನಪ್ಪಾ ಎಂದು ಕೇಳುವವರು ಯಾರೂ ಇಲ್ಲದ್ದರಿಂದ ಅಣ್ಣನ ಮಾತು ಇವತ್ತಿನವರೆಗೆ ಒಂದೂ ಸುಳ್ಳಾಗಿಲ್ಲ. ಅವರು ಸ್ವತಃ ಓಡಿಸುವುದು ಟಿವಿಎಸ್ ಮೊಪೆಡ್. ಅದರ ಸೈಲೆನ್ಸರ್ ತೂತಾಗಿ ವರ್ಷವಾಯಿತು. ಅದು ಮಾತ್ರ ಅವರ ಕಿವಿಗೆ ಬಿದ್ದಂತಿಲ್ಲ.

ನನ್ನದು ಹಳೇ ಮಹೀಂದ್ರಾ ಜೀಪು, ಎಂಎಂ 540. ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಕಾಲದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ನಾವೆಲ್ಲ ಆ ಕಡೆ ಹೋದೆವು, ಜೀಪು ಮಾತ್ರ ಕೆಎ 14 ಅಂತ ಹಣೆಗೆ ಬರೆದುಕೊಂಡು ಶಿವಮೊಗ್ಗದಲ್ಲೇ ಉಳಿಯಿತು. ಒಳಗಿರುವುದು 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್, ಮೂಲ ಫ್ರಾನ್ಸಿನದು. ಅವರ ಊರಲ್ಲಿ ಹೇಗೆ ಕರೆಯುತ್ತಾರೋ ಏನೋ, ನಮ್ಮಲ್ಲಿ ಪೀಜೋ, ಪೇಜಾ, ಪ್ಯೂಗಟ್ ಎಲ್ಲವೂ ನಡೆಯುತ್ತದೆ. ಮಳೆಗಾಲದಲ್ಲಿ ತೋಟದ ಕೆಸರಿನಿಂದ ಅಡಿಕೆ ಗೊನೆ ಹೊರಗೆ ತರಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಹಾಗಾಗಿ ಇಟ್ಟುಕೊಂಡಿದ್ದೇನೆ. ಮನೆಯವಳ ಪ್ರಕಾರ ಅದು ನನ್ನನ್ನು ಇಟ್ಟುಕೊಂಡಿದೆ.

ಕಾರ್ತಿಕದ ಒಂದು ಚಳಿ ಮುಂಜಾನೆ ಜೀಪು ಟಿಕ್ ಟಿಕ್ ಅನ್ನತೊಡಗಿತು. ತೋಟದಿಂದ ಏರಿಗೆ ಒಂದೇ ಕಿಲೋಮೀಟರು. ಚಹಾದಂಗಡಿ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ. ತಪ್ಪಾದದ್ದು ಅಲ್ಲೇ. ನಮ್ಮ ಕಡೆ ಬಾನೆಟ್ ಎತ್ತುವುದೂ ಮನೆ ಮುಂದೆ ಶಾಮಿಯಾನ ಹಾಕಿಸುವುದೂ ಒಂದೇ, ಕರೆಯದಿದ್ದರೂ ಜನ ಬರುತ್ತಾರೆ.

ಸೂಳೆಕೆರೆ ಏರಿಯ ಉದ್ದ ಹಳೇ ಗೆಜೆಟಿಯರ್ ಲೆಕ್ಕದಲ್ಲಿ 950 ಅಡಿ. ಎರಡು ಗುಡ್ಡದ ಮಧ್ಯೆ ಇಷ್ಟೇ ಇಷ್ಟು ಒಡ್ಡು ಕಟ್ಟಿ 40 ಮೈಲಿ ಸುತ್ತಳತೆಯ ನೀರು ನಿಲ್ಲಿಸಿದವಳು ಶಾಂತವ್ವ ಅನ್ನುತ್ತದೆ ಐತಿಹ್ಯ. ಶಾಂತಿಸಾಗರ ಎಂಬ ಹೆಸರೂ ಇದಕ್ಕುಂಟು. ಆವತ್ತು ಶಾಂತಿಯ ದಡದಲ್ಲಿ ನನ್ನ ಜೀಪಿನ ಸುತ್ತ ನಿಂತ ಮೆಕ್ಯಾನಿಕ್ಕುಗಳನ್ನು ಎಣಿಸಿದೆ, ಹನ್ನೊಂದು ಜನ. ಸ್ಪ್ಯಾನರ್ ಹಿಡಿದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

“ಫ್ಯಾನ್ ಬೆಲ್ಟು” ಅಂದ ಟ್ರ್ಯಾಕ್ಟರ್ ಹುಡುಗ. “ಕ್ಲಚ್ ಬೇರಿಂಗ್ ಕಣ್ರಿ, ಬರೆದಿಟ್ಕಳಿ” ಅಂದರು ಅಡಿಕೆ ಖೇಣಿ ಹಿಡಿಯುವವರು. ರಿಟೈರಾದ ಮೇಷ್ಟ್ರು ಡೀಸೆಲ್‌ಗೆ ಸೀಮೆಎಣ್ಣೆ ಬೆರೆತಿದೆ ಎಂದು ಶುರುಮಾಡಿ ದೇಶದ ಸ್ಥಿತಿಗತಿಗೆ ಹೋದರು. ಬಿಡಿಸಿ ಕೇಳಿದರೆ ಗೊತ್ತಾಗುತ್ತದೆ: ಹುಡುಗನಿಗೆ ಹೋದ ತಿಂಗಳು ಬೆಲ್ಟು ಕಿತ್ತಿತ್ತು, ಖೇಣಿಯವರಿಗೆ ಕ್ಲಚ್ ಕೆಲಸಕ್ಕೆ ದುಡ್ಡು ಸುರಿದದ್ದು ಇನ್ನೂ ಹಸಿಯಾಗಿತ್ತು. ಯಾರೂ ಎಂಜಿನ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರವರ ಹಳೇ ಬಿಲ್ಲನ್ನು ಓದುತ್ತಿದ್ದರು.

ಅಷ್ಟರಲ್ಲಿ ಅಣ್ಣ ಎದ್ದರು. ಜನ ದಾರಿ ಬಿಟ್ಟರು.

“ರೇಸ್ ಕೊಡು ತಮ್ಮಾ. ಇನ್ನೂ. ಸಾಕು, ಬಿಡು.”

ಸ್ಕ್ರೂಡ್ರೈವರ್ ಕೇಳಿ ಪಡೆದು ಮೂತಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಬಗ್ಗಿ ನಿಂತರು. ಕಣ್ಣು ಮುಚ್ಚಿತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ತಿರುಗುವ ಫ್ಯಾನಿಗೆ ನಾಲ್ಕೇ ಬೆರಳು ದೂರದಲ್ಲಿ ತೂಗುತ್ತಿತ್ತು. ಟವೆಲ್ ಸಿಕ್ಕಿಬಿದ್ದೀತು ಎಂದು ನನಗೆ ಜೀವ ಹೋಗುತ್ತಿದ್ದರೆ ಸುತ್ತಲಿನವರು ಪ್ರಸಾದಕ್ಕೆ ಕಾದವರಂತೆ ಕೈಕಟ್ಟಿ ನಿಂತಿದ್ದರು.

“ನಾಝಲ್ ಪೈಪಿನ ನಟ್ಟು ಒಂದೊಂದೇ ಸಡಿಲ ಮಾಡು.”

ಮಾಡಿದೆ. ಮೊದಲೆರಡರಲ್ಲಿ ಎಂಜಿನ್ ಎಡವಿತೇ ಹೊರತು ಟಿಕ್ ಟಿಕ್ ಹಾಗೇ ಇತ್ತು. ಮೂರನೆಯದನ್ನು ಸಡಿಲಿಸಿದಾಗ ಡೀಸೆಲ್ ಚಿಮ್ಮಿ ನನ್ನ ಅಂಗಿಗೆ ಹಾರಿತು, ಶಬ್ದ ಅಡಗಿತು. ಅಣ್ಣ ನಿಧಾನ ನೆಟ್ಟಗಾದರು.

“ಬಿಗ್ ಎಂಡ್. ಎಂಜಿನ್ ಇಳಿಸಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು. ಈ ಸಲದ ರಾಶಿ ಅಡಿಕೆ ದುಡ್ಡು ಅದಕ್ಕೇ ಅಂತ ಎತ್ತಿಟ್ಬಿಡು.”

ಪರೀಕ್ಷೆಯನ್ನು ತಪ್ಪೆನ್ನುವ ಹಾಗಿಲ್ಲ. ಆ ಸಿಲಿಂಡರಿಗೆ ಡೀಸೆಲ್ ನಿಂತರೆ ಉರಿ ಇಲ್ಲ, ಉರಿ ಇಲ್ಲದಿದ್ದರೆ ಪಿಸ್ಟನ್ ಕೆಳಗಿನ ಬೇರಿಂಗ್ ಮೇಲೆ ಏಟು ಬೀಳುವುದಿಲ್ಲ, ಬಡಿತ ಇಳಿಯುತ್ತದೆ. ಆದರೆ ಉರಿ ನಿಂತರೆ ಅಡಗುವ ಶಬ್ದ ಅದೊಂದೇ ಅಲ್ಲವಲ್ಲ. ಚಹಾದಂಗಡಿಯವನು ಆಮೇಲೆ ಕಿವಿಯಲ್ಲಿ ಹೇಳಿದ: ಅಣ್ಣನಿಗೂ ಒಂದು ಕಾಲಕ್ಕೆ ಜೀಪಿತ್ತು. ಟಿಕ್ ಟಿಕ್ ಅಂದರೂ ಅಡಿಕೆ ಸುಗ್ಗಿ ಮುಗಿಯಲಿ ಎಂದು ಓಡಿಸಿದರು. ರಾಡು ಮುರಿದು ಎಂಜಿನ್ ಒಡೆದುಕೊಂಡು ಹೊರಬಂತು. ಗಾಡಿ ಗುಜರಿಗೆ ಹೋಯಿತು, ಮೊಪೆಡ್ ಬಂತು.

ಚನ್ನಗಿರಿ ಏರಿಯಿಂದ ಸುಮಾರು 20 ಕಿಲೋಮೀಟರು. ಎದೆ ಹಿಡಿದುಕೊಂಡು ಓಡಿಸಿ ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಜೀಪು ಮಠದ ಮರಿಯಂತೆ ಸುಮ್ಮನೆ ನಿಂತಿದೆ! ರೇಸ್ ಕೊಟ್ಟರೂ ಟಿಕ್ ಇಲ್ಲ. ಇನ್ನೇನು ಮಾಡುವುದು, ಬಾಯಲ್ಲೇ ಮಾಡಿ ತೋರಿಸಿದೆ. ಚಟಪಟ, ದಬದಬ, ಕರಕರ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಅನುಕರಣಾವ್ಯಯ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮೇಸ್ತ್ರಿ ನಗಲಿಲ್ಲ.

“ತಣ್ಣಗಿದ್ದಾಗ ಬರುತ್ತೋ, ಬಿಸಿಯಾದ ಮೇಲೆ ಬರುತ್ತೋ?”

ಹನ್ನೊಂದು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಇದು. ತಣ್ಣಗಿದ್ದಾಗ ಅಂದೆ. “ಹಂಗಾದ್ರೆ ಗಾಡಿ ರಾತ್ರಿ ಇಲ್ಲೇ ಮಲಗ್ಲಿ, ನೀವು ಬಸ್ಸಿಗೆ ಹೋಗಿ” ಅಂದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಸ್ಟಾರ್ಟ್ ಮಾಡಿದ ತಕ್ಷಣ ಟಿಕ್ ಟಿಕ್ ಹಾಜರು. ಮೇಸ್ತ್ರಿ ಮೊಳದುದ್ದದ ರಬ್ಬರ್ ಪೈಪು ತಂದು ಒಂದು ತುದಿ ನನ್ನ ಕಿವಿಗೆ ಕೊಟ್ಟು, ಇನ್ನೊಂದನ್ನು ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಕೂಡುವ ಕಡೆ ಹಿಡಿದರು. ದೂರದಿಂದ ಟಿಕ್ ಅನ್ನುವುದು ಹತ್ತಿರದಲ್ಲಿ ಪುಸ್ ಪುಸ್! ಮೂರನೇ ಸಿಲಿಂಡರಿನ ನೇರಕ್ಕೆ ಬೆರಳಗಲ ಕಪ್ಪು ಮಸಿ. ಗ್ಯಾಸ್ಕೆಟ್ ಸುಟ್ಟು ಹೊಗೆ ಸೋರುತ್ತಿತ್ತು. ಕಬ್ಬಿಣ ಕಾದು ಹಿಗ್ಗಿದರೆ ಸಂದು ಮುಚ್ಚಿಕೊಳ್ಳುತ್ತದೆ, 20 ಕಿಲೋಮೀಟರು ಓಡಿಸಿಕೊಂಡು ಬಂದವನಿಗೆ ಶಬ್ದ ಎಲ್ಲಿ ಸಿಗಬೇಕು? ಬಿಗ್ ಎಂಡ್ ಸವೆದಿದ್ದರೆ ಆಯಿಲ್ ಕಾದು ತೆಳ್ಳಗಾದಷ್ಟೂ ಬಡಿತ ಜೋರಾಗುತ್ತಿತ್ತು, ಆಯಿಲ್ ಮೀಟರಿನ ಮುಳ್ಳು ಇಳಿಯುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಗ್ಯಾಸ್ಕೆಟ್ ಕೂತಿತು. ಅಡಿಕೆ ದುಡ್ಡು ಮನೆಯಲ್ಲೇ ಉಳಿಯಿತು.

ಸಂಜೆ ಏರಿ ಮೇಲೆ ನಿಲ್ಲಿಸಿದೆ. “ಗ್ಯಾಸ್ಕೆಟ್ ಅಂತೆ ಅಣ್ಣಾ.”

ಅಣ್ಣ ಕಣ್ಣು ಮುಚ್ಚಿ ಎಂಜಿನ್ನನ್ನು ಬಹಳ ಹೊತ್ತು ಆಲಿಸಿದರು. ಏನೂ ಕೇಳಿಸಲಿಲ್ಲ. ಅದೇ ಅವರಿಗೆ ಸರಿಬರಲಿಲ್ಲ ಅಂತ ಕಾಣುತ್ತದೆ.

“ಗ್ಯಾಸ್ಕೆಟ್ ಸರಿ ತಮ್ಮಾ. ಅದು ಯಾಕ್ ಹೋತು? ಬಿಗ್ ಎಂಡ್ ಬಡಿದ ಅದುರಿಗೆ.”

ಎರಡು ವರ್ಷವಾಯಿತು, ಜೀಪು ಓಡುತ್ತಿದೆ. ಅಣ್ಣ ಈಗಲೂ ಅದು ಹಾದುಹೋಗುವಾಗ ಲೋಟ ಕೆಳಗಿಡುತ್ತಾರೆ. ನೀವು ಹಳೇ ಗಾಡಿ ತೆಗೆದುಕೊಂಡು ಸೂಳೆಕೆರೆ ನೋಡಲು ಬನ್ನಿ, ಸಿದ್ಧೇಶ್ವರನ ದರ್ಶನ ಮಾಡಿ, ಚಹಾ ಕುಡಿಯಿರಿ. ಬಾನೆಟ್ ಮಾತ್ರ ಎತ್ತಬೇಡಿ.