ಸಿಮೆಂಟಿನ ಎತ್ತಿಗೆ ಹಲ್ಲೆಷ್ಟು?

ಓಣಿಯ ಮಂದಿಯನ್ನೆಲ್ಲ ಸೇರಿಸಿ ಕಲೆ ಮಾಡಿಸುತ್ತೇವೆಂದು ಹೊರಟವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಎತ್ತು ಮಾಡಿಸಿ. ಪಾರಿವಾಳ ಬೇಡ, ಅರ್ಥವಾಗದ ಕಬ್ಬಿಣದ ಗಂಟಂತೂ ಬೇಡವೇ ಬೇಡ. ಎತ್ತಿನ ಪರ ವಕಾಲತ್ತು ವಹಿಸಲು ತುಸು ನಾಚಿಕೆಯಿದೆ, ಆದರೆ ಸಾಕ್ಷಿ ನನ್ನ ಕಡೆಗಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೇ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿ. ಒಕ್ಕಲುತನ, ಕುರಿಗಾರರು, ಕಸುಬುದಾರರು, ದನಕರು ಎಂದು ಸಾವಿರಕ್ಕೂ ಮಿಕ್ಕಿದ ಮೂರ್ತಿಗಳ ಒಂದು ಊರೇ ಅಲ್ಲಿ ಕದಲದೆ ನಿಂತಿದೆ. ನಗರದವರು ಅದರೆದುರು ಸೆಲ್ಫಿ ತೆಗೆದುಕೊಂಡು ಹೋಗಿಬಿಡುತ್ತಾರೆ. ಹಿರೇಕೆರೂರಿನ ಒಕ್ಕಲಿಗನಿಗೆ ಅಷ್ಟು ಸಲೀಸಾಗಿ ಬಿಟ್ಟುಹೋಗಲು ಆಗದು. ಎತ್ತು ಕಂಡರೆ ಅವನು ಪ್ರೇಕ್ಷಕನಲ್ಲ, ಪರೀಕ್ಷಕ. ಮೊದಲು ಕೋಡು ನೋಡಬೇಕು, ಆಮೇಲೆ ಗೊರಸು, ಆಮೇಲೆ ಸುಳಿ. ಸಿಮೆಂಟಿಗೆ ಕೂದಲಿಲ್ಲ, ಸುಳಿಯೆಲ್ಲಿಂದ ಬರಬೇಕು? ಆದರೂ ಬೆನ್ನ ಮೇಲೆ ಕೈಯಾಡಿಸಿ ಹುಡುಕಬೇಕು. ಹಲ್ಲೆಣಿಸಲು ತುಟಿ ಎತ್ತಿದರೆ ತುಟಿ ಏಳದು. ಕೊನೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸೋಣವೆಂದರೆ ಆ ಕಡೆ ಹಿಡಿಯುವ ದಲ್ಲಾಳಿಯೂ ಸಿಮೆಂಟೇ! ಇಷ್ಟು ಹೊತ್ತು ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಳ್ಳುವ ಕಲಾಕೃತಿ ಎಷ್ಟು ಗ್ಯಾಲರಿಗಳಲ್ಲಿದೆ, ಹೇಳಿ.

‘ಮನ್ಯಾಗ ಜೀವಂತ ಎತ್ತು ಇರೂವಾಗ ರೊಕ್ಕಾ ಕೊಟ್ಟು ಸಿಮಿಂಟಿಂದ್ಯಾಕ ನೋಡ್ಬೇಕು?’ ಎಂಬ ತಕರಾರು ಬರುತ್ತದೆ, ಬರಲಿ. ಕಾರಹುಣ್ಣಿಮೆಗೆ ಜೀವಂತ ಎತ್ತಿನ ಕೋಡಿಗೆ ಬಣ್ಣ ಬಳಿದವರೇ ಹದಿನೈದು ದಿನ ಕಳೆದು ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ; ಕೊಟ್ಟಿಗೆಯ ಎತ್ತು ಬೇಸರಪಟ್ಟುಕೊಂಡ ದಾಖಲೆಯಿಲ್ಲ. ಎಲ್ಲರೂ ಕೈಹಾಕಿದರೆ ಕಲೆ ಕೆಡುತ್ತದೆ ಎನ್ನುವವರು ದೀಪಾವಳಿಯ ಹೊತ್ತಿಗೆ ಹಾನಗಲ್ಲಿನ ಕಡೆ ಬರಲಿ. ಜೂಲ, ಬಲೂನು, ಕೊಬ್ಬರಿ ಸರ ಎಂದು ಓಣಿಗೆ ಓಣಿಯೇ ಕೂಡಿ ಹೋರಿಯನ್ನು ಸಿಂಗರಿಸುತ್ತದೆ. ಅಖಾಡಕ್ಕೆ ಬಿಟ್ಟ ಕ್ಷಣದಲ್ಲೇ ಪ್ರೇಕ್ಷಕರು ಕಲಾಕೃತಿಯ ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳುತ್ತಾರೆ. ಅದರಲ್ಲಿ ಪ್ರಾಣ ಹೋಗುವುದೂ ಉಂಟು. ಆ ಮಾತಿಗೆ ನನ್ನಲ್ಲಿ ಹಾಸ್ಯವಿಲ್ಲ. ಸಿಮೆಂಟಿನದು ಯಾರನ್ನೂ ತಿವಿಯುವುದಿಲ್ಲ ಎಂಬುದನ್ನೂ ನನ್ನ ವಾದಕ್ಕೆ ಸೇರಿಸಿಕೊಳ್ಳಿ. ನಿಜಕ್ಕೂ ಕಲೆ ಕೆಡಿಸುವವರು ಸಲಹೆ ಕೊಡುವವರಲ್ಲ, ಮೂರ್ತಿಗಿಂತ ದೊಡ್ಡ ಉದ್ಘಾಟನಾ ಫಲಕ ನೆಡುವವರು: ಅದರಲ್ಲಿ ಎಲ್ಲರ ಹೆಸರಿರುತ್ತದೆ, ಶಿಲ್ಪಿಯದೊಂದು ಬಿಟ್ಟು.

ಅಷ್ಟಕ್ಕೂ ‘ಮನೆಯಲ್ಲೇ ಎತ್ತಿದೆ’ ಎಂಬ ತಕರಾರಿಗೆ ಇನ್ನೆಷ್ಟು ದಿನದ ಆಯುಷ್ಯ? ಕೊಟ್ಟಿಗೆಯ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಹುಡುಗರಿಗೆ ಅದರ ಹಾರ್ಸ್‌ಪವರ್ ಬಾಯಿಪಾಠ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ಬಲ್ಲ ಹಿರಿಯರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾರೆ, ಯಾರೂ ಕೇಳುತ್ತಿಲ್ಲ. ಅವರನ್ನು ಕರೆತಂದು, ಸವಣೂರಿನ ಎಲೆ ಕೈಗಿಟ್ಟು, ಶಿಲ್ಪಿಯ ಪಕ್ಕ ಕೂರಿಸಿ. ಬೈಯಲಿ. ಬಾಲ ಯಾವ ಕಡೆಗೆ ಬಾಗಿರಬೇಕೆಂಬ ಜಗಳಕ್ಕೆ ಮಾತ್ರ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.